ಡ್ರಾಯಿಂಗ್ ಬರದ ಟೀಚರ್‌ಗೆ ಡ್ರಾಯಿಂಗ್ ಪೀರಿಯಡ್ ಸಿಕ್ಕಾಗ

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಕನ್ನಡ ಮತ್ತು ಸಮಾಜ ಪಾಠ ಮಾಡುತ್ತೇನೆ. ಯಾರಾದರೂ ರಜೆ ಹಾಕಿದರೆ, ತರಬೇತಿಗೆ ಹೋದರೆ ಅವರ ಕ್ಲಾಸು ನನ್ನ ಪಾಲಿಗೆ ಬರುತ್ತದೆ. "ಏನಾರ ಚಿತ್ರ ತೆಗಸ್ರಿ, ಗದ್ದಲ ಆಗದಂಗ ನೋಡ್ಕೊಳ್ರಿ" ಅಂತಾರೆ ಹೆಡ್‌ಮಾಸ್ಟರು. 4 ಮತ್ತು 5ನೇ ತರಗತಿ ಸೇರಿಸಿ 38 ಮಕ್ಕಳು. ನನಗೋ ಚಿತ್ರ ಬರುವುದಿಲ್ಲ. ಹೋದ ವಾರ ಬೋರ್ಡಿನ ಮೇಲೆ ಆಕಳು ಬರೆದೆ. "ಅಕ್ಕೋರ, ಇದು ನಾಯಿ ಆಗೇತ್ರಿ" ಅಂದ ಒಬ್ಬ ಹುಡುಗ. ಇಡೀ ಕ್ಲಾಸು ನಕ್ಕಿತು. ಶಾಲೆಯಲ್ಲಿ ಇರೋದು ಮೂರೇ ಕ್ರೇಯಾನ್ ಡಬ್ಬಿ. ಅರ್ಧ ಗಂಟೆ ಆಗುವಷ್ಟರಲ್ಲಿ ಕ್ಲಾಸು ಸಂತೆ ಆಗುತ್ತದೆ. 5ನೇ ತರಗತಿಯ ಒಬ್ಬ ಹುಡುಗ ಪ್ರತಿ ಸಲವೂ ಹಾಳೆ ಹರಿದು ಹಾಕುತ್ತಾನೆ. ಒಬ್ಬ ಹುಡುಗಿ ಬರೀ ಕಪ್ಪು ಬಣ್ಣ ಬಳಿಯುತ್ತಾಳೆ, ಅವಳ ಮನಸ್ಸಿನಲ್ಲಿ ಏನಾದರೂ ಇದೆಯಾ ಅಂತ ಚಿಂತೆ. ಇದರ ಮಧ್ಯೆ ಪಾಲಕರೊಬ್ಬರು ಬಂದು "ಓದೋದು ಬಿಟ್ಟು ಚಿತ್ರ ತೆಗಸ್ತೀರಲ್ರಿ" ಅಂದು ಹೋದರು. ಚಿತ್ರ ಬರದವರು ಈ ಪೀರಿಯಡ್ ತೆಗೆದುಕೊಳ್ಳಬಹುದಾ? ಖರ್ಚಿಲ್ಲದ ಸುಲಭ ಪಾಠಗಳಿದ್ದರೆ ದಯವಿಟ್ಟು ಹೇಳಿ.

ಉತ್ತರ:

ಅಕ್ಕೋರೇ, ಮೊದಲು ಆ ಆಕಳ ವಿಷಯ ಮಾತಾಡೋಣ. ನೀವು ಕೇಳಿದ್ದು ಸುಲಭ ಪಾಠಗಳನ್ನ. ಆದರೆ ಪತ್ರ ಓದುವಾಗ ನನಗೆ ಮತ್ತೆ ಮತ್ತೆ ಕೇಳಿಸಿದ್ದು ಆ ಕ್ಲಾಸಿನ ನಗು. 38 ಮಕ್ಕಳ ಮುಂದೆ ಹಾಗಾದರೆ ಯಾರಿಗಾದರೂ ಮುಖ ಸಣ್ಣದಾಗುತ್ತದೆ. 31 ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದ ಅನುಭವದಿಂದ ಹೇಳುತ್ತೇನೆ, ನೀವು ಆ ಆಕಳನ್ನು ಬರೆಯುವ ಅಗತ್ಯವೇ ಇರಲಿಲ್ಲ. ಆ ಊರಿನಲ್ಲಿ ಆಕಳನ್ನು ನಿಮಗಿಂತ, ನನಗಿಂತ ಹತ್ತಿರದಿಂದ ಕಂಡವರು ಆ ಮಕ್ಕಳು. ಬೆಳಿಗ್ಗೆ ಸಗಣಿ ಬಾಚಿ, ಮೇವು ಹಾಕಿ ಶಾಲೆಗೆ ಬಂದವರು. ಆಕಳ ಕಿವಿ ಕೊಂಬಿನ ಮೇಲಿರುತ್ತದೋ ಕೆಳಗೋ? ಮಲಗಿದಾಗ ಮುಂಗಾಲು ಹೇಗೆ ಮಡಚುತ್ತದೆ? ಇಂಥ ಎರಡು ಪ್ರಶ್ನೆ ಕೇಳಿ ಸುಮ್ನೆ ನಿಂತಿದ್ದರೆ ಸಾಕಿತ್ತು. ನಾಯಿ ಆಗೇತಿ ಅಂದ ಆ ಹುಡುಗ ನಿಮಗೆ ಅವಮಾನ ಮಾಡಿದವನಲ್ಲ, ಸರಿಯಾಗಿ ನೋಡಿದವನು. ಮುಂದಿನ ಸಲ ಅವನನ್ನೇ ಎಬ್ಬಿಸಿ, "ಆಕಳಾಗಬೇಕು ಅಂದ್ರ ಏನು ಬದಲಾಗಬೇಕು, ಹೇಳು" ಅನ್ನಿ. ಪಾಠ ಅಲ್ಲಿಂದಲೇ ಶುರು ಆಗುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಚಿತ್ರ ಬರದವರು ಈ ಪೀರಿಯಡ್ ಧಾರಾಳವಾಗಿ ತೆಗೆದುಕೊಳ್ಳಬಹುದು. ನೀವು ಬಿಡಿಸಿ ತೋರಿಸಬೇಡಿ, ಮಕ್ಕಳು ನೋಡುವ ಹಾಗೆ ಮಾಡಿ, ಅಷ್ಟೇ. ಕೈ ತಾನಾಗಿ ಬರುತ್ತದೆ.

ಈ ಕೆಲಸ ನಿಮ್ಮ ತಲೆ ಮೇಲೆ ಬಂದಿದ್ದು ಯಾಕೆ ಅಂತಲೂ ತಿಳಿದಿರಲಿ. ಕಲೆ 10ನೇ ತರಗತಿವರೆಗೆ ಕಡ್ಡಾಯ ವಿಷಯ ಆಗಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತು ಬರುವುದು 6ರಿಂದ 8ನೇ ತರಗತಿಗೆ ಮಾತ್ರ, ಅದೂ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ. 1ರಿಂದ 5ರವರೆಗಿನ ಮಕ್ಕಳಿಗೆ ಬೇರೆ ಡ್ರಾಯಿಂಗ್ ಟೀಚರ್ ಇರಬೇಕು ಅಂತ ಅಲ್ಲಿಲ್ಲ. ಚಿತ್ರವೇ ಮಾತಾಗಿರುವ ವಯಸ್ಸಿನ ಮಕ್ಕಳಿಗೇ ಚಿತ್ರದ ಟೀಚರ್ ಇಲ್ಲ! ನನಗೆ ಇದು ಇವತ್ತಿಗೂ ಸಂಕಟದ ವಿಷಯ. ಆ ಜಾಗ ತುಂಬುತ್ತಿರುವವರು ನಿಮ್ಮಂಥ ಅತಿಥಿ ಶಿಕ್ಷಕರು. ಬರಲ್ಲ ಅನ್ನೋದು ನಿಮ್ಮೊಬ್ಬರ ಕೊರತೆ ಅಂದುಕೊಳ್ಳಬೇಡಿ. ಯಾರೂ ನಿಮಗೆ ಕಲಿಸಿಯೇ ಇಲ್ಲ.

ಈಗ ಹಾಳೆ ಹರಿಯುವ ಹುಡುಗ.

ಮಕ್ಕಳ ಚಿತ್ರ ವಯಸ್ಸಿನ ಜೊತೆ ಹೇಗೆ ಬದಲಾಗುತ್ತದೆ ಅನ್ನೋದನ್ನು ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಕ 1947ರಲ್ಲಿ ಹಂತ ಹಂತವಾಗಿ ಬರೆದಿಟ್ಟರು. ಹುಟ್ಟಿದ್ದು ಆಸ್ಟ್ರಿಯಾದಲ್ಲಿ, ಆಮೇಲೆ ಕಲಿಸಿದ್ದು ಅಮೆರಿಕದಲ್ಲಿ. ಸುಮಾರು 7ರಿಂದ 9 ವರ್ಷದ ಮಗುವಿನ ಚಿತ್ರದಲ್ಲಿ ಕೆಳಗೊಂದು ನೆಲದ ಗೆರೆ, ಅದರ ಮೇಲೆ ಮನೆ, ಮರ, ಮನುಷ್ಯರು ಸಾಲಾಗಿ ನಿಂತಿರುತ್ತಾರೆ. ಮೇಲೆ ಆಕಾಶ ಅಂತ ನೀಲಿ ಪಟ್ಟಿ. ಮಗುವಿಗೆ ಅದರಲ್ಲಿ ಪೂರ್ತಿ ನಂಬಿಕೆ. 9 ದಾಟಿದ ಮೇಲೆ ಕಣ್ಣು ಬದಲಾಗುತ್ತದೆ. ಕುದುರೆ ಅಂದರೆ ಕುದುರೆಯ ಹಾಗೇ ಕಾಣಬೇಕು ಅಂತ ಆಸೆ ಬರುತ್ತದೆ. ಆಸೆ ಬಂತು, ಕೈ ಇನ್ನೂ ಬಂದಿಲ್ಲ. ಆ ನಡುವಿನ ಹೊತ್ತೇ ಕಷ್ಟದ್ದು. "ನಂಗ ಬರಂಗಿಲ್ರಿ" ಅನ್ನೋದು, "ನೀವ ತೆಗೀರಿ, ನಾವು ನೋಡಿ ತೆಗಿತೀವಿ" ಅನ್ನೋದು, ಹರಿದು ಹಾಕೋದು, ಎಲ್ಲ ಅಲ್ಲಿಂದಲೇ ಬರುತ್ತವೆ. ನಿಮ್ಮ ಹುಡುಗನಿಗೆ 10 ವರ್ಷ ಇರಬೇಕು, ಅಲ್ವಾ? ಅವನು ಹಟಮಾರಿ ಅಂತ ನನಗೆ ಅನಿಸುವುದಿಲ್ಲ. ಅವನ ಕಣ್ಣು ಅವನ ಕೈಗಿಂತ ಮುಂದೆ ಓಡಿದೆ.

ಅವನಿಗೆ ಎರಡು ಕೆಲಸ ಮಾಡಿ. ಒಂದು, ಹಾಳೆ ಸಣ್ಣದು ಕೊಡಿ. ಪೂರ್ತಿ ಹಾಳೆ ಅವನಿಗೆ ಖಾಲಿ ಹೊಲದ ಹಾಗೆ ಕಾಣುತ್ತದೆ. ಕಾಲು ಹಾಳೆ ಕೊಟ್ಟರೆ ತುಂಬಿಸುವ ಧೈರ್ಯ ಬರುತ್ತದೆ. ಎರಡು, ಮೊದಲ 15 ನಿಮಿಷ ರಬ್ಬರ್ ಬಂದ್. ಇಡೀ ಕ್ಲಾಸಿನ ರಬ್ಬರುಗಳನ್ನು ಒಂದು ಬುಟ್ಟಿಗೆ ಹಾಕಿಸಿ ಟೇಬಲ್ ಮೇಲಿಡಿ. ಅಳಿಸುತ್ತಾ ಅಳಿಸುತ್ತಾ ಹಾಳೆ ತೂತಾಗಿ, ಆಮೇಲೆ ಸಿಟ್ಟು ಬಂದು ಹರಿಯುವ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಪ್ಪಿದ ಗೆರೆ ಅಲ್ಲೇ ಇರಲಿ, ಅದರ ಪಕ್ಕ ಇನ್ನೊಂದು ಗೆರೆ ಎಳೆ ಅನ್ನಿ.

ಮಗುವಿನ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಮಾತ್ರ ಇಡಬೇಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲಸಕ್ಕೆ ಸೇರಿದ ಹೊಸತು. 2ನೇ ತರಗತಿಯ ಹುಡುಗಿಯೊಬ್ಬಳು ಊರಿನ ಬಾವಿ ಬರೆದಿದ್ದಳು. ನಡುವೆ ದುಂಡಗೆ ಬಾವಿ, ಮೇಲಿಂದ ಇಣುಕಿ ನೋಡಿದ ಹಾಗೆ. ಸುತ್ತ ನಾಲ್ಕು ಹೆಂಗಸರು ನೀರು ಸೇದುತ್ತಿದ್ದರು. ಆದರೆ ನಾಲ್ವರೂ ನಾಲ್ಕು ದಿಕ್ಕಿಗೆ ಅಂಗಾತ ಮಲಗಿದ ಹಾಗೆ, ಕಾಲು ಬಾವಿಯ ಕಡೆ, ತಲೆ ಹಾಳೆಯ ಅಂಚಿನ ಕಡೆ. ನಾನು "ಹೀಗಲ್ಲಮ್ಮ" ಅಂತ ಅಳಿಸಿ, ಪಕ್ಕದಿಂದ ಕಾಣುವ ಬಾವಿಕಟ್ಟೆ ಬರೆದು, ಹೆಂಗಸರನ್ನು ನೆಟ್ಟಗೆ ನಿಲ್ಲಿಸಿಕೊಟ್ಟೆ. ಅವಳು ಏನೂ ಅನ್ನಲಿಲ್ಲ. ಆ ವರ್ಷ ಪೂರ್ತಿ ಮತ್ತೆ ಪುಸ್ತಕ ನನ್ನ ಹತ್ತಿರ ತರಲಿಲ್ಲ. ಆ ವಯಸ್ಸಿನ ಮಕ್ಕಳು ಹಾಗೇ ಬರೆಯುತ್ತಾರೆ, ಬಾವಿಯ ಸುತ್ತ ನಡೆದು ನಡೆದು ಒಂದೊಂದು ಕಡೆಯಿಂದ ನೋಡಿದ್ದನ್ನು ಒಂದೇ ಹಾಳೆಯಲ್ಲಿ ಬಿಚ್ಚಿಡುತ್ತಾರೆ ಅಂತ ನನಗೆ ಗೊತ್ತಾಗಿದ್ದು ವರ್ಷಗಳ ಮೇಲೆ. ಆ ಚಿತ್ರ ಈಗಲೂ ನನ್ನ ಕಣ್ಣಿನಲ್ಲಿದೆ. ನಾನು ಬರೆದುಕೊಟ್ಟ ಬಾವಿಗಿಂತ ಅದೇ ಚೆನ್ನಾಗಿತ್ತು.

ಕಪ್ಪು ಬಣ್ಣದ ಹುಡುಗಿಯ ವಿಷಯ. ಕಪ್ಪು ಬಳಿದರೆ ಮಗುವಿಗೆ ದುಃಖ, ಕೆಂಪು ಬಳಿದರೆ ಸಿಟ್ಟು ಅನ್ನುವ ಮಾತು ಎಲ್ಲಾ ಕಡೆ ಓಡಾಡುತ್ತದೆ. ಒಂದು ಬಣ್ಣ ನೋಡಿ ಮಗುವಿನ ಮನಸ್ಸು ಓದಲು ಆಗುವುದಿಲ್ಲ. ಮೂರು ಡಬ್ಬಿ, 38 ಮಕ್ಕಳು ಅಂದಿರಿ. ಕೆಂಪು, ಹಸಿರು, ಹಳದಿ ಮೊದಲೇ ಖಾಲಿ ಆಗಿ ಅವಳ ಕೈಗೆ ಸಿಕ್ಕಿದ್ದು ಕಪ್ಪೇ ಇರಬಹುದು. ಹಾಳೆಯ ಮೇಲೆ ಕಪ್ಪು ಎದ್ದು ಕಾಣುತ್ತದೆ, ಅದಕ್ಕೇ ಇಷ್ಟ ಆಗಿರಬಹುದು. ಪಕ್ಕ ಕೂತು, "ನಿನ್ನ ಚಿತ್ರದ ಬಗ್ಗೆ ಹೇಳು" ಅನ್ನಿ. "ಇದೇನು?" ಅಂತ ಕೇಳಬೇಡಿ, ಅದು ಗೊತ್ತಾಗಲಿಲ್ಲ ಅಂತ ಹೇಳಿದ ಹಾಗೆ. ಹೆಚ್ಚಿನ ಸಲ ಕತೆ ಹೊರಗೆ ಬರುತ್ತದೆ: ರಾತ್ರಿ ಕರೆಂಟ್ ಹೋಗಿತ್ತು, ಎಮ್ಮೆ ಕರು ಹಾಕಿತು, ಹೀಗೆ. ಆದರೆ ಮಗು ತನ್ನ ಬಾಯಿಂದಲೇ ಯಾರೋ ಹೊಡೆಯುತ್ತಾರೆ, ಮುಟ್ಟುತ್ತಾರೆ ಅಂತ ಏನಾದರೂ ಹೇಳಿದರೆ ಅದು ಚಿತ್ರದ ವಿಷಯವಾಗಿ ಉಳಿಯುವುದಿಲ್ಲ. ಕ್ಲಾಸಿನ ಮುಂದೆ ಕೆದಕಬೇಡಿ. ಅದೇ ದಿನ ಹೆಡ್‌ಮಾಸ್ಟರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇದೆ.

ಈಗ ಗದ್ದಲ. ನನ್ನ ಲೆಕ್ಕದಲ್ಲಿ ಡ್ರಾಯಿಂಗ್ ಪೀರಿಯಡ್ ಕೆಡುವ ಹೊತ್ತು ಮೂರು. ಸಾಮಾನು ಹಂಚುವಾಗ, ಬೇಗ ಮುಗಿಸಿದ ಮಕ್ಕಳು ಸುಮ್ಮನೆ ಕೂತಾಗ, ಮತ್ತೆ ಬೆಲ್ ಹೊಡೆಯುವ ಮುಂಚೆ. ಚಿತ್ರ ಬರೆಯುವಾಗ ಗದ್ದಲ ಆಗೋದು ಕಡಿಮೆ. ಹಂಚುವುದಕ್ಕೆ ಮುಂಚೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ. ಕೈಗೆ ಬಣ್ಣ ಬಂದ ಮೇಲೆ ಯಾವ ಮಗುವೂ ಕೇಳಿಸಿಕೊಳ್ಳುವುದಿಲ್ಲ. ಆರಾರು ಮಕ್ಕಳ ಗುಂಪು ಮಾಡಿ, ಗುಂಪಿಗೆ ಒಬ್ಬರು ಬಂದು ಸಾಮಾನು ಒಯ್ಯಲಿ. 40 ನಿಮಿಷದಲ್ಲಿ 20 ನಿಮಿಷ ಮಾತ್ರ ಬರೆಯೋದು ಅಂತ ಇಟ್ಟುಕೊಳ್ಳಿ. ಮೊದಲ 10 ನಿಮಿಷ ನೋಡೋದು, ಮಾತಾಡೋದು, ಹಂಚೋದು. ಕೊನೆಯ 10 ನಿಮಿಷ ಗುಡಿಸಿ, ಕೈ ತೊಳೆದು, ಚಿತ್ರಗಳನ್ನು ನೆಲದ ಮೇಲೆ ಹರಡಿ ಎಲ್ಲರೂ ಸುತ್ತ ನಡೆದು ನೋಡೋದು. ಈ ಕೊನೆಯ ಹತ್ತನ್ನು ಬಿಡಬೇಡಿ. ನೋಡುವವರಿಲ್ಲದ ಚಿತ್ರವನ್ನು ಮಗು ಮುಂದಿನ ಸಲ ಮನಸ್ಸಿಟ್ಟು ಬರೆಯುವುದಿಲ್ಲ.

ಸಾಮಾನ್ಯವಾಗಿ ಎಲ್ಲರೂ ಮಾಡುವ ನಾಲ್ಕು ದಾರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬೋರ್ಡಿನ ಮೇಲೆ ಬರೆದು ನಕಲು ಮಾಡಿಸೋದು ಪಾಪ ಏನಲ್ಲ. 5ನೇ ತರಗತಿಯ ಮಕ್ಕಳಿಗೆ ಅದು ಸ್ವಲ್ಪ ಧೈರ್ಯ ಕೊಡುತ್ತದೆ. ಆದರೆ 38 ಹಾಳೆಯಲ್ಲೂ ಒಂದೇ ಮಾವಿನಹಣ್ಣು ಇದ್ದಾಗ ಮಕ್ಕಳು ಹೋಲಿಸಿ ನೋಡುತ್ತಾರೆ, ಕೆಳಗಿನ ಅರ್ಧ ಜನ "ನಂಗ ಬರಂಗಿಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಬಣ್ಣ ತುಂಬುವ ಜೆರಾಕ್ಸ್ ಹಾಳೆ ಶಾಂತಿ ಕೊಡುತ್ತದೆ, ಕಲಿಸೋದು ಕಡಿಮೆ. ತೀರಾ ಸುಸ್ತಾದ ದಿನ ಕೊಡಿ, ತಪ್ಪಿಲ್ಲ. ಮೊಬೈಲ್ ವಿಡಿಯೋ 38 ಮಕ್ಕಳಿಗೆ ಕಾಣುವುದೇ ಇಲ್ಲ, ಬಿಟ್ಟುಬಿಡಿ.

ಇನ್ನು "ಇಷ್ಟ ಬಂದಿದ್ದು ಬರೀರಿ" ಅನ್ನೋದು. ಕೇಳಲು ಚೆನ್ನಾಗಿದೆ, ಆದರೆ ಹೀಗಂದರೆ ಏನು ಬರುತ್ತದೆ ಅಂತ ನಮ್ಮ ನಾಡಿನ ಎಲ್ಲ ಟೀಚರಿಗೂ ಗೊತ್ತು. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಬೆಟ್ಟದಿಂದ ಇಳಿಯುವ ನದಿ, ಪಕ್ಕ ಮನೆ, ಒಂದು ತೆಂಗಿನಮರ. ಬಯಲುಸೀಮೆಯ ಮಗು, ಕರಾವಳಿಯ ಮಗು, ಬೆಂಗಳೂರಿನ ಫ್ಲಾಟಿನ ಮಗು, ಎಲ್ಲರದ್ದೂ ಅದೇ. ಮಗುವಿಗೆ ಅದು ಭದ್ರವಾದ ಮನೆ ಇದ್ದ ಹಾಗೆ, ಬೈಯಬೇಡಿ. ಪಕ್ಕ ಹೋಗಿ ಒಂದೇ ಪ್ರಶ್ನೆ ಕೇಳಿ: "ನಿಮ್ಮ ಮನಿ ಬಾಗಿಲಾಗ ನಿಂತ್ರ ಏನೇನು ಕಾಣ್ತೈತಿ?" ನಿಮ್ಮ ಕಡೆ ಆದರೆ ಒಣಗಲು ಹರಡಿದ ಬ್ಯಾಡಗಿ ಮೆಣಸಿನಕಾಯಿ ಕಾಣಬಹುದು, ಹೈವೇ ಮೇಲಿನ ಲಾರಿ ಸಾಲು ಕಾಣಬಹುದು. ಆ ಪ್ರಶ್ನೆ ಕೇಳಿದ ಮೇಲೆ ಬರುವ ಚಿತ್ರ ಆ ಮಗುವಿನದ್ದು ಮಾತ್ರ ಆಗಿರುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ರಾಕ್ ಗಾರ್ಡನ್ ನಿಮ್ಮ ಮಕ್ಕಳು ನೋಡಿದ್ದರೆ ಅದನ್ನೂ ನೆನಪಿಸಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ಶಿಲ್ಪಗಳಾಗಿ ನಿಲ್ಲಿಸಿದ್ದು ನಮ್ಮ ಹಳ್ಳಿಯ ದಿನನಿತ್ಯದ ಬದುಕನ್ನೇ.

ಪಾಠಗಳಿಗೆ ಬರೋಣ. ಜಾಸ್ತಿ ಹೇಳುವುದಿಲ್ಲ. ನಾಲ್ಕೈದನ್ನು ಸರಿಯಾಗಿ ಮಾಡಿದರೆ ಒಂದು ವರ್ಷಕ್ಕೆ ಸಾಕು.

ಏನೂ ತಯಾರಿ ಇಲ್ಲದೆ ಕ್ಲಾಸಿಗೆ ಹೋಗಬೇಕಾದ ದಿನ ಗೆರೆ ಪಾಠ ಮಾಡಿ. ಬೇಕಾಗಿದ್ದು ಪೆನ್ಸಿಲ್, ಹಾಳೆ. ಹಾಳೆಯನ್ನು ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ ಮಡಚಿಸಿ. ಬಿಚ್ಚಿದರೆ 8 ಮನೆ. ಮಕ್ಕಳನ್ನೇ ಕೇಳಿ: ಗೆರೆಯಲ್ಲಿ ಎಷ್ಟು ಥರ? ಹಾವಿನ ಗೆರೆ, ಗರಗಸದ ಗೆರೆ, ಮಳೆಯ ಗೆರೆ, ಚಕ್ಕುಲಿ ಗೆರೆ, ಏಣಿ ಗೆರೆ ಅಂತ ಅವರೇ ಹೆಸರು ಕೊಡುತ್ತಾರೆ. ಬೋರ್ಡಿನ ಮೇಲೆ ಅವರೇ ಬಂದು ಎಳೆಯಲಿ, ಸೀಮೆಸುಣ್ಣ ನಿಮ್ಮ ಕೈಯಲ್ಲಿ ಬೇಡ. ಒಂದೊಂದು ಮನೆಗೆ ಒಂದೊಂದು ಗೆರೆ ತುಂಬಲಿ. ಆಮೇಲೆ ಹಿಂದಿನ ಬದಿಗೆ, ಇದರಲ್ಲಿ ಮೂರು ಥರದ ಗೆರೆ ಮಾತ್ರ ಬಳಸಿ ಒಂದು ಹುಂಜ. ಇಲ್ಲೇ ಪಾಠದ ಜೀವ ಇರೋದು. "ಹುಂಜ ಬರಿ" ಅಂದಿದ್ದರೆ ಅರ್ಧ ಜನ ಬರಲ್ಲ ಅನ್ನುತ್ತಿದ್ದರು. "ಮೂರೇ ಗೆರೆಯಲ್ಲಿ" ಅಂದಾಗ ಅದು ಆಟ ಆಗುತ್ತದೆ. ಬಾಲಕ್ಕೆ ಹಾವಿನ ಗೆರೆಯೋ ಚಕ್ಕುಲಿಯೋ ಅಂತ ಯೋಚನೆ ಹತ್ತುತ್ತದೆ. ಹುಂಜ ಹುಂಜದ ಹಾಗಿದೆಯಾ ಅನ್ನೋದು ಮರೆತೇ ಹೋಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಎಲೆ ಪಾಠ. ಹಿಂದಿನ ದಿನ "ಒಬ್ಬೊಬ್ರು ಒಂದು ಎಲಿ ತರ್ರಿ" ಅನ್ನಿ. ಮೊದಲು ಐದು ನಿಮಿಷ ಎಲೆಯ ಅಂಚಿನ ಮೇಲೆ ಬೆರಳು ಓಡಿಸಲಿ, ಕಣ್ಣು ಮುಚ್ಚಿಕೊಂಡು. ಆಮೇಲೆ ಪೆನ್ಸಿಲ್ ಹಾಳೆಯ ಮೇಲಿಟ್ಟು, ಎಲೆಯ ಅಂಚಿನಲ್ಲಿ ಒಂದು ಇರುವೆ ನಡೆಯುತ್ತಿದೆ ಅಂದುಕೊಳ್ಳಲಿ. ಇರುವೆ ಹೋದಷ್ಟೇ ನಿಧಾನಕ್ಕೆ ಪೆನ್ಸಿಲ್ ಹೋಗಬೇಕು. ಕಣ್ಣು ಹಾಳೆಯ ಮೇಲೆ ಬೇಡ, ಎಲೆಯ ಮೇಲೆ. ಕ್ಲಾಸು ಎಷ್ಟು ನಿಶ್ಶಬ್ದ ಆಗುತ್ತದೆ ಅಂದರೆ ಹೆಡ್‌ಮಾಸ್ಟರು ಬಂದು ಇಣುಕುತ್ತಾರೆ. ಎಲ್ಲ ಮುಗಿದ ಮೇಲೆ ಗುಂಪಿನ ಎಲೆಗಳನ್ನೆಲ್ಲ ಒಂದು ಕಡೆ, ಚಿತ್ರಗಳನ್ನೆಲ್ಲ ಒಂದು ಕಡೆ ಹಾಕಿ. ಬೇರೆ ಗುಂಪಿನ ಮಕ್ಕಳು ಬಂದು ಯಾವ ಎಲೆಗೆ ಯಾವ ಚಿತ್ರ ಅಂತ ಹೊಂದಿಸಲಿ.

ಒಂದು ಸಲ ಒಬ್ಬ ಹುಡುಗ ಹುಳು ತಿಂದ ಮಾವಿನ ಎಲೆ ತಂದಿದ್ದ. ಪಕ್ಕದವರೆಲ್ಲ ಒಳ್ಳೆ ಎಲೆ ತಂದಿದ್ದರು ಅಂತ ಅವನಿಗೆ ನಾಚಿಕೆ. ಗೆರೆ ಅಂಕುಡೊಂಕು, ನಡುವೆ ಎರಡು ತೂತು, ತುದಿಯಲ್ಲಿ ಕಚ್ಚಿದ ಗುರುತು. ಹೊಂದಿಸುವ ಆಟ ಶುರುವಾದಾಗ ಎಲ್ಲರಿಗಿಂತ ಮೊದಲು ಸಿಕ್ಕಿದ್ದು ಅವನ ಎಲೆ. ಉಳಿದ ಐದು ಮಾವಿನ ಎಲೆಗಳು ಒಂದೇ ಥರ ಇದ್ದವು, ಯಾವುದು ಯಾವುದೋ ಗೊತ್ತೇ ಆಗಲಿಲ್ಲ. ಈ ಪಾಠದಲ್ಲಿ "ಚೆಂದ ಐತೋ ಇಲ್ಲೋ" ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ನೋಡಿದ್ದಾನೋ ಇಲ್ಲವೋ ಅಷ್ಟೇ.

ಎಲೆ ತರಿಸುವಾಗ ಒಂದು ಎಚ್ಚರಿಕೆ. ಎಕ್ಕ, ಕಣಗಿಲೆ, ಕಳ್ಳಿ ಬೇಡ ಅಂತ ಹೆಸರು ಹಿಡಿದು ಹೇಳಿ. ಎಕ್ಕದ ಹಾಲು, ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕಣಗಿಲೆ ಬಾಯಿಗೆ ಹೋದರೆ ವಿಷ. ಕಾಂಗ್ರೆಸ್ ಗಿಡ ಕೆಲವರಿಗೆ ಮೈ ತುರಿಸುತ್ತದೆ. ಬೀಜ ಅಂಟಿಸುವ ಚಿತ್ರ ಮಾಡಿಸುವವರು ಗುಲಗಂಜಿ ಮುಟ್ಟಿಸಲೇಬೇಡಿ. ನೋಡಲು ಚೆಂದ, ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. 1, 2ನೇ ತರಗತಿಯವರಿಗೆ ಯಾವ ಬೀಜವೂ ಬೇಡ, ಮೂಗಿಗೆ ತುರುಕಿಕೊಳ್ಳುತ್ತಾರೆ.

ಬಿಸಿಯೂಟಕ್ಕೆ ಬೆಂಡೆಕಾಯಿ ಬಂದ ದಿನ ಅಡುಗೆಯವರಿಗೆ ಮುಂಚೆಯೇ ಹೇಳಿಡಿ. ಹೆಚ್ಚಿ ಬಿಸಾಡುವ ತೊಟ್ಟಿನ ಕಡೆಯ ತುಂಡು ಸ್ವಲ್ಪ ಉದ್ದಕ್ಕೆ ಬಿಟ್ಟರೆ ಹಿಡಿಯಲು ಹಿಡಿಕೆಯೂ ಆಯಿತು, ಅಚ್ಚೂ ಆಯಿತು. ತಿನ್ನುವ ಪದಾರ್ಥ ಹಾಳು ಮಾಡಿದಿರಿ ಅಂತ ಯಾರೂ ಅನ್ನುವುದಿಲ್ಲ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ತಣ್ಣಗಾದ ಗಂಜಿಯಲ್ಲಿ ಮಜ್ಜಿಗೆಗಿಂತ ಗಟ್ಟಿ ಕಲಸಿ. ತಟ್ಟೆಯಲ್ಲಿ ಹಳೇ ಬಟ್ಟೆ ಮಡಚಿಟ್ಟು ಅದರ ಮೇಲೆ ಸುರಿದರೆ ಸ್ಟಾಂಪ್ ಪ್ಯಾಡ್. ನೀರು ಜಾಸ್ತಿ ಆದರೆ ಹೂವು ಕರಗಿ ಕೆಸರಾಗುತ್ತದೆ, ಕೆಡುವುದು ಬಹುತೇಕ ಇದರಲ್ಲೇ. ಒತ್ತಿದರೆ ಸಾಮಾನ್ಯವಾಗಿ 5 ಎಸಳಿನ ಹೂವು ಬರುತ್ತದೆ. 6 ಎಸಳು, 7 ಎಸಳು ಯಾರಿಗಾದರೂ ಸಿಕ್ಕಿತಾ ಹುಡುಕಿಸಿ. ಸುಮ್ನೆ ಹಾಳೆ ತುಂಬಾ ಒತ್ತಲು ಬಿಡದೆ, "ಸೀರೆ ಅಂಚು ಮಾಡ್ರಿ" ಅನ್ನಿ. ಹೂವು, ಗೆರೆ, ಹೂವು, ಗೆರೆ. ಬೇಗ ಮುಗಿಸಿದವರು ಸೆರಗಿಗೆ ಹೋಗಲಿ.

ಕ್ರೇಯಾನ್ ಇಲ್ಲ ಅನ್ನುವ ಚಿಂತೆಗೆ ಒಂದು ಮಾತು. ನಿಮ್ಮ ಜಿಲ್ಲೆಗೆ ಅಂಟಿಕೊಂಡೇ ಇರುವ ಸೊರಬ, ಅದರಾಚೆಯ ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ. ಬ್ರಷ್ ಅಂದರೆ ಪುಂಡಿ ನಾರು. ಪುಂಡಿ ನಿಮ್ಮೂರಿನ ಹೊಲದಲ್ಲೂ ಇದೆ. ಮೂರ್ನಾಲ್ಕು ಬಣ್ಣದಲ್ಲಿ ಅವರು ಇಡೀ ಮದುವೆ ದಿಬ್ಬಣ ಬರೆದುಬಿಡುತ್ತಾರೆ. ಹಾಗಾಗಿ ಗುಂಪಿಗೆ ಎರಡೇ ಬಣ್ಣ ಕೊಡಲು ಹಿಂಜರಿಯಬೇಡಿ. ಬಣ್ಣ ಕಡಿಮೆ ಆದಾಗ ಮಕ್ಕಳು ಯೋಚನೆ ಮಾಡಿ ಬಳಿಯುತ್ತಾರೆ, ಜಗಳವೂ ಕಡಿಮೆ. ಬೇವಿನ ಕಡ್ಡಿಯ ತುದಿ ಜಜ್ಜಿದರೆ ಬ್ರಷ್. ಇನ್ನೂ ಏನೂ ಇಲ್ಲದ ದಿನ ಶಾಲೆಯ ಜಗಲಿ ಇದೆ, ಸೀಮೆಸುಣ್ಣ ಇದೆ.

ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಓಕುಳಿ ಚಿತ್ರ ಮಾಡಿಸಿ. ಆರತಿ ತಟ್ಟೆಯ ಓಕುಳಿ ಮಕ್ಕಳಿಗೆಲ್ಲ ಗೊತ್ತು. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪು. ಕ್ಲಾಸಿನಲ್ಲಿ ಸುಣ್ಣ ಬೇಡ, ಕಣ್ಣಿಗೆ ಅಪಾಯ. ಬಟ್ಟೆ ಸೋಪಿನ ತುಂಡು ನೀರಿಗೆ ಹಾಕಿದರೆ ಸಾಕು. ಅರಿಶಿನದ ನೀರನ್ನು ಹಾಳೆಗೆ ಬಳಿದು ಒಣಗಿಸಿ. ಒಣಗುವಷ್ಟರಲ್ಲಿ ಏನು ಬರೆಯಬೇಕು ಅಂತ ಮಾತಾಡಿಸಿ. ಆಮೇಲೆ ಕಡ್ಡಿಯನ್ನು ಸೋಪಿನ ನೀರಿನಲ್ಲಿ ಅದ್ದಿ ಬರೆಯಲಿ. ಬಣ್ಣವಿಲ್ಲದ ನೀರು ಹಳದಿ ಹಾಳೆ ಮುಟ್ಟಿದ ಕೂಡಲೇ ಕೆಂಪು ಗೆರೆ ಏಳುತ್ತದೆ. ಆಗ ಮಕ್ಕಳ ಬಾಯಿಂದ ಬರುವ "ಓ" ಕೇಳಬೇಕು ನೀವು. ಅದರ ಮೇಲೆ ನಿಂಬೆರಸ ತಾಗಿಸಿದರೆ ಮತ್ತೆ ಹಳದಿ. ಸೋಪಿನ ಕೈ ಕಣ್ಣಿಗೆ ಹೋಗದ ಹಾಗೆ ನೋಡಿಕೊಳ್ಳಿ. ಯೂನಿಫಾರ್ಮ್ ಮೇಲೆ ಅರಿಶಿನ ಬಿದ್ದರೆ ತೊಳೆಯುವಾಗ ಕೆಂಪಾಗಿ ತಾಯಂದಿರಿಗೆ ಗಾಬರಿ ಆಗುತ್ತದೆ. ಬಿಸಿಲಿಗೆ ಹಾಕಿದರೆ ಬರಬರುತ್ತಾ ಮಾಸುತ್ತದೆ ಅಂತ ಮಕ್ಕಳ ಕೈಯಲ್ಲಿ ಹೇಳಿ ಕಳಿಸಿ. ಬಿಸಿಲಿಗಿಟ್ಟರೆ ಚಿತ್ರವೂ ಹಾಗೇ ಮಾಸುತ್ತದೆ. ಅದನ್ನೂ ಮುಂಚೆಯೇ ಹೇಳಿ, ಇಲ್ಲದಿದ್ದರೆ ಅಳುತ್ತಾರೆ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಾಗ ಮಾತ್ರ ನೀವು ಪಾಠವನ್ನೇ ಮಾಡಬೇಡಿ. ನಿಮ್ಮ ಭಾಗದ ಮಕ್ಕಳಿಗೆ ಮಣ್ಣಿನ ಎತ್ತು ಮಾಡೋದು ಅಜ್ಜಿಯ ಪಕ್ಕ ಕೂತು ಬಂದಿರುತ್ತದೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗೊಂಬೆ ಗುಳ್ಳವ್ವನನ್ನೂ ಮಾಡಿರುತ್ತಾರೆ. ಬಂದವರು ಬರದವರಿಗೆ ಕಲಿಸಲಿ, ನೀವೂ ಅವರ ಜೊತೆ ಕೂತು ಕಲಿಯಿರಿ. ನನಗೆ ಗೊತ್ತಿರುವುದು ಇಷ್ಟೇ: ಕಾಲನ್ನು ಬೇರೆ ಮಾಡಿ ಅಂಟಿಸಿದರೆ ಒಣಗಿದಾಗ ಬಿರುಕು ಬಿಟ್ಟು ಬೀಳುತ್ತದೆ. ಒಂದೇ ಮುದ್ದೆಯಿಂದ ಎಳೆದು ಕಾಲು ತೆಗೆದರೆ ನಿಲ್ಲುತ್ತದೆ. ಅಂಟಿಸಲೇಬೇಕಾದ ಕೊಂಬಿಗೆ ಎರಡೂ ಕಡೆ ಗೀರಿ, ಕೆಸರು ಹಚ್ಚಿ ಒತ್ತಬೇಕು. ಆಮೇಲೆ ನೆರಳಿನಲ್ಲಿ ಒಣಗಿಸಿ. ಹರಿದು ಹಾಕುವ ನಿಮ್ಮ ಹುಡುಗನಿಗೆ ಆ ದಿನ ಮಣ್ಣು ಕಲಸುವ ಜವಾಬ್ದಾರಿ ಕೊಡಿ. ಮಣ್ಣಿನಲ್ಲಿ ತಪ್ಪಿದ್ದನ್ನು ಮತ್ತೆ ಮುದ್ದೆ ಮಾಡಬಹುದು. ಹಾಳೆಯ ಮೇಲೆ ಸೋತ ಎಷ್ಟೋ ಮಕ್ಕಳು ಮಣ್ಣಿನಲ್ಲಿ ಗೆದ್ದಿದ್ದನ್ನು ನೋಡಿದ್ದೇನೆ.

ಪಾಲಕರ ಮಾತಿಗೆ ಸಿಟ್ಟಾಗಬೇಡಿ. ಅವರಿಗೆ ಮಗು ಓದಬೇಕು ಅನ್ನುವ ಆಸೆ, ಕೂಲಿ ಬಿಟ್ಟು ಕೇಳಲು ಬಂದಿದ್ದಾರೆ. ಚಿತ್ರ ಬರೆದರೆ ಗಣಿತದಲ್ಲಿ ಮಾರ್ಕ್ಸ್ ಬರುತ್ತದೆ ಅಂತೆಲ್ಲ ಹೇಳಿ ಒಪ್ಪಿಸಲು ಹೋಗಬೇಡಿ. ಚಿತ್ರದ ಕೆಳಗೆ ಮಗು ಎರಡು ವಾಕ್ಯ ಬರೆಯಲಿ, ತನ್ನದೇ ಮಾತಿನಲ್ಲಿ. "ಇದು ನಮ್ಮ ಮನಿ ಮುಂದಿನ ಬೇವಿನ ಎಲಿ. ಇದಕ್ಕ ಹದಿಮೂರು ಹಲ್ಲು ಅದಾವು." ನೀವು ಕನ್ನಡ ಟೀಚರ್ ಅಲ್ವಾ, ಬೇರೆ ದಿನ ಎರಡು ವಾಕ್ಯ ಬರೆಸಲು ಎಷ್ಟು ಪಾಡು ಪಡುತ್ತೀರಿ ಅಂತ ನನಗೆ ಗೊತ್ತು. ಚಿತ್ರದ ಕೆಳಗೆ ಅದು ಕೇಳದೆಯೇ ಬರುತ್ತದೆ. ಸಣ್ಣ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಕೆಲಸ ತೂಗುಹಾಕುವ ಕಲಿಕಾ ಚಪ್ಪರ ಇರುತ್ತದೆ. ಅಂಥದ್ದೇ ಒಂದು ದಾರವನ್ನು ನಿಮ್ಮ ಕ್ಲಾಸಿನ ಬಾಗಿಲ ಹತ್ತಿರ ಕಟ್ಟಿ. ಆ ಪಾಲಕರು ಮುಂದಿನ ಸಲ ಬಂದಾಗ ನೀವು ಮಾತಾಡಬೇಡಿ, ಮಗುವೇ ಕೈ ಹಿಡಿದು ಕರೆದುಕೊಂಡು ಹೋಗಿ ಓದಿ ತೋರಿಸಲಿ. ದಾರದ ಮೇಲೆ ಚೆಂದದ ಹತ್ತು ಮಾತ್ರ ಹಾಕಬೇಡಿ. 38ನ್ನೂ ಹಾಕಿ, ಇಲ್ಲಾ ವಾರಕ್ಕೊಂದು ಗುಂಪಿನದ್ದು ಹಾಕಿ.

ಹೆಡ್‌ಮಾಸ್ಟರಿಗೆ ಕ್ಲಾಸಿಗೆ ಹೋಗುವ ಮುಂಚೆ ಒಂದು ಮಾತು ಹೇಳಿ: "ಸರ್, ಇವತ್ತು ಎಲಿ ಪಾಠ, ಕೊನಿಗೆ ಹತ್ತು ನಿಮಿಷ ಮಕ್ಕಳು ಎದ್ದು ಓಡ್ಯಾಡ್ತಾರ." ಮುಂಚೆ ಹೇಳಿದರೆ ಅದು ಪಾಠ, ಹೇಳದಿದ್ದರೆ ಗದ್ದಲ. ರಜೆಯಲ್ಲಿದ್ದ ಟೀಚರಿಗೂ ಒಂದು ಚೀಟಿ ಬರೆದಿಡಿ, ಏನು ಮಾಡಿಸಿದಿರಿ, ಯಾರು ಏನು ತೋರಿಸಿದರು ಅಂತ. ಆ ಹುಳು ತಿಂದ ಎಲೆಯ ಹುಡುಗ ಗಣಿತದ ಕ್ಲಾಸಿನಲ್ಲಿ ಹಿಂದಿನ ಬೆಂಚಿನವನಾಗಿದ್ದ. ನನ್ನ ಚೀಟಿ ಓದಿದ ಮೇಲೆ ಅವರ ಟೀಚರ್ ಅವನನ್ನು ಮುಂದೆ ಕೂರಿಸಿಕೊಂಡರು.

ಶುರು ಮಾಡುವುದಿದ್ದರೆ ಎಲೆ ಪಾಠದಿಂದಲೇ ಮಾಡಿ. ಹೇಳಿದರೂ ಏಳೆಂಟು ಮಕ್ಕಳು ಎಲೆ ಮರೆತು ಬರುತ್ತಾರೆ, ಅದಕ್ಕೆ ಬೆಳಿಗ್ಗೆ ಬರುವಾಗ ದಾರಿಯಲ್ಲಿ ಬೇವು, ಹೊಂಗೆ, ಮಾವು ಅಂತ ಒಂದು ಹಿಡಿ ಕಿತ್ತು ಚೀಲದಲ್ಲಿ ಹಾಕಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದ ಪೀರಿಯಡ್‌ವರೆಗೂ ಬಾಡುವುದಿಲ್ಲ.